ಬಲವಂತದ ಕ್ರಿಯಾಪದಗಳು

ಒಬ್ಬನಿಂದ ಅವನ ಇಚ್ಛೆಗೆ ವಿರುದ್ಧವಾಗಿ ಕೆಲಸ ಮಾಡಿಸುವುದನ್ನು ಹೇಳಲು ಇಂಗ್ಲಿಷಿನಲ್ಲಿ ಹಲವು ಕ್ರಿಯಾಪದಗಳಿವೆ. ಕನ್ನಡ ಅನುವಾದಗಳಲ್ಲಿ ಅವೆಲ್ಲವೂ ಸಾಮಾನ್ಯವಾಗಿ ‘ಬಲವಂತಪಡಿಸು’ ಅಥವಾ ‘ಒತ್ತಾಯಿಸು’ ಎಂದಾಗುತ್ತವೆ. ಅರ್ಥವೇನೋ ತಲುಪುತ್ತದೆ, ಪದದೊಳಗಿನ ಚರಿತ್ರೆ ಮಾತ್ರ ಹಿಂದೆಯೇ ಉಳಿಯುತ್ತದೆ.

‘ಡ್ರಗೂನ್’ ಎಂದರೆ ಮೊದಲಿಗೆ ಬಂದೂಕು ಹಿಡಿದ ಕುದುರೆ ಸವಾರ. 1680ರ ದಶಕದಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಆಡಳಿತವು ಇಂತಹ ಸೈನಿಕರನ್ನು ಪ್ರಾಟೆಸ್ಟೆಂಟರ ಮನೆಗಳಲ್ಲಿ ಬಿಡಾರ ಹೂಡಿಸಿತು. ಮನೆಯವರು ಮತ ಬದಲಿಸುವವರೆಗೂ ಅವರ ಅನ್ನ, ಧನ, ನೆಮ್ಮದಿಗಳು ಸೂರೆಯಾದವು. 1685ರಲ್ಲಿ ಪ್ರಾಟೆಸ್ಟೆಂಟರಿಗೆ ರಕ್ಷಣೆಯಾಗಿದ್ದ ನಾಂತ್ ರಾಜಾಜ್ಞೆಯೇ ರದ್ದಾಯಿತು. ಸೈನಿಕನ ಹೆಸರು ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ನಿಂತಿತು.

ಬ್ರಿಟಿಷ್ ನೌಕಾಪಡೆಗೆ ಆಳುಗಳನ್ನು ಹಿಡಿದೊಯ್ಯುವುದನ್ನು ಸೂಚಿಸುವ ‘ಪ್ರೆಸ್’ ಇನ್ನೂ ವಿಚಿತ್ರವಾದುದು. ಅದರ ಮೂಲ ಒತ್ತುವುದಲ್ಲ. ‘ಪ್ರೆಸ್ಟ್’, ಅಂದರೆ ಸೇವೆಗೆ ಸೇರುವವನ ಕೈಗಿಡುತ್ತಿದ್ದ ಮುಂಗಡ ಹಣ. ಒಪ್ಪಂದದ ಗುರುತಾಗಿದ್ದ ಪದವು, ಉಚ್ಚಾರದ ಸಾಮ್ಯದಿಂದಲೂ ಆಚರಣೆಯ ಕ್ರೌರ್ಯದಿಂದಲೂ, ಬಲಾತ್ಕಾರದ ಪದವಾಯಿತು.

‘ಶಾಂಘೈ’ ಎಂಬ ಕ್ರಿಯಾಪದವಂತೂ ನಿರಪರಾಧಿಯಾದ ಒಂದು ನಗರದ ಹೆಸರು. 19ನೆಯ ಶತಮಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಂತಹ ಅಮೆರಿಕದ ಬಂದರುಗಳಲ್ಲಿ ಜನರಿಗೆ ಮತ್ತು ಬರಿಸಿ, ದೂರಯಾನದ ಹಡಗುಗಳಿಗೆ ಸಾಗಿಸುತ್ತಿದ್ದರು. ಸಾಗಿಸಿದ ದಲ್ಲಾಳಿಗಳ ಹೆಸರು ಪದದಲ್ಲಿಲ್ಲ. ಹಡಗು ತಲುಪಬಹುದಾಗಿದ್ದ ಊರಿನ ಹೆಸರಿದೆ.

ಈ ಮೂರರಲ್ಲೂ ಒಂದು ಸಾಮ್ಯವಿದೆ. ಹಿಂಸಿಸಿದ ಸೈನಿಕ, ಕೈಗಿಟ್ಟ ಹಣ, ಹಡಗಿನ ಗುರಿ ಇವು ಪದಗಳಾಗಿ ಉಳಿದವು. ಬಲವಂತಕ್ಕೆ ಒಳಗಾದವನು ಯಾವ ಪದದಲ್ಲಿಯೂ ಉಳಿಯಲಿಲ್ಲ.

ಕನ್ನಡವೂ ಇದಕ್ಕೆ ಹೊರತಲ್ಲ. ಸಂಸ್ಕೃತದ ‘ವಿಷ್ಟಿ’ಯ ತದ್ಭವವಾದ ‘ಬಿಟ್ಟಿ’ಯು ಶಾಸನಗಳಲ್ಲಿ ಕೂಲಿಯಿಲ್ಲದ ಕಡ್ಡಾಯ ದುಡಿಮೆ. ಇಂದಿನ ಮಾತಿನಲ್ಲಿ ‘ಬಿಟ್ಟಿ ಸಿಕ್ಕಿತು’ ಎಂದರೆ ಹಣ ತೆರದೆ ದೊರೆತ ಲಾಭ. ದುಡಿಸಿಕೊಂಡವನ ದೃಷ್ಟಿಯೇ ಪದದ ಅರ್ಥವಾಗಿ ಗೆದ್ದಿತು, ದುಡಿದವನು ಮರೆಯಾದನು. ಹಳೆಯ ಪಠ್ಯಗಳನ್ನು ಓದುವವರು, ಅನುವಾದಿಸುವವರು ಇಂತಹ ಪದ ಎದುರಾದಾಗ ನಿಘಂಟಿನ ಅರ್ಥಕ್ಕೆ ತೃಪ್ತರಾಗದೆ, ಅಲ್ಲಿ ಯಾರು ಯಾರನ್ನು ದುಡಿಸಿದರು ಎಂದು ಕೇಳಿಕೊಳ್ಳಬೇಕಾಗುತ್ತದೆ.