ಓನರ್ ಕಂ ಡ್ರೈವರ್

ಗಚ್ಚಿಬೌಲಿಯ ನಮ್ಮ ಮನೆಯ ತಾರಸಿಯಿಂದ ಹೊರವರ್ತುಲ ರಸ್ತೆಯ ದೀಪಗಳ ಸಾಲು ಕಾಣುತ್ತದೆ. ಹೈದರಾಬಾದನ್ನು ಬಳಸಿ 158 ಕಿ.ಮೀ. ಸುತ್ತುವ ಆ ಹಾದಿಯಲ್ಲಿ ಶನಿವಾರದ ನಡುರಾತ್ರಿ ಯಾರದೋ ಕಾರು ಅರಚುತ್ತ ಹೋದರೆ ನಾವು ಎದ್ದು ಕಿಟಕಿ ಮುಚ್ಚುವವರು. ಮೋಟಾರು ಪಂದ್ಯವೆಂದರೆ ಹಣವುಳ್ಳವರ ಹುಚ್ಚು ಎಂಬುದಕ್ಕಿಂತ ಹೆಚ್ಚಿನ ಅಭಿಪ್ರಾಯ ನಮಗಿರಲಿಲ್ಲ.

2025ರ ಜನವರಿಯಲ್ಲಿ ಮಗ ದುಬೈನ 24 ಗಂಟೆಗಳ ಪಂದ್ಯವನ್ನು ಟೀವಿಗೆ ಜೋಡಿಸಿ ಕುಳಿತ. ಇದೇ ಊರಿನಲ್ಲಿ ಹುಟ್ಟಿ ತಮಿಳು ಚಿತ್ರರಂಗದಲ್ಲಿ ಹೆಸರಾದ ಅಜಿತ್ ಕುಮಾರ್ ತಮ್ಮದೇ ತಂಡ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದರು. ಆಗ ಅವರಿಗೆ 53 ವರ್ಷ. ಅದು ನಟನೊಬ್ಬನ ಹೊಸ ಶೋಕಿಯಾಗಿರಲಿಲ್ಲ. 2010ರಲ್ಲೇ ಅವರು ಯುರೋಪಿನ ಫಾರ್ಮುಲಾ ಟೂ ಪಂದ್ಯಗಳಲ್ಲಿ ಓಡಿಸಿದ್ದರು. ಈ ಬಾರಿಯ ವಿಶೇಷವೆಂದರೆ ತಂಡದ ಒಡೆಯರೂ ಅವರೇ, ಚಾಲಕರೂ ಅವರೇ.

ಸರ್ಕಾರಿ ನೌಕರರಾದ ನಮಗೆ ಈ ಏರ್ಪಾಡೇ ವಿಚಿತ್ರವೆನಿಸಿತು. ನಮ್ಮಲ್ಲಿ ಒಂದು ಕುರ್ಚಿ ಕೊಳ್ಳಬೇಕಾದರೂ ಬೇಡುವ ಕೈ ಬೇರೆ, ಮಂಜೂರು ಮಾಡುವ ಕೈ ಬೇರೆ. ತನಗೇ ಲಾಭವಾಗುವ ವೆಚ್ಚಕ್ಕೆ ಅಧಿಕಾರಿಯು ತಾನೇ ಸಹಿ ಹಾಕಬಾರದೆಂದು ಸಾಮಾನ್ಯ ಹಣಕಾಸು ನಿಯಮಗಳು ಹೇಳುತ್ತವೆ. ಇಪ್ಪತ್ತು ವರ್ಷ ಆ ನಿಯಮವನ್ನು ಬೈದುಕೊಂಡೇ ಪಾಲಿಸಿದ್ದೇವೆ. ಆದರೆ ಅದರ ಬೆಲೆ ಕಚೇರಿಗೆ ಸೇರುವ ಮೊದಲೇ ನಮ್ಮ ಮನೆಯವರಿಗೆ ತಿಳಿದಿತ್ತು.

ನಮ್ಮ ತಂದೆಯವರು ಚಳ್ಳಕೆರೆಯಿಂದ ಶೇಂಗಾ ಎಣ್ಣೆಯ ಡಬ್ಬಿಗಳನ್ನು ಹೇರಿಕೊಂಡು ಅನಂತಪುರ, ಕರ್ನೂಲುಗಳ ಮೇಲೆ ಇಲ್ಲಿನ ಬೇಗಂ ಬಜಾರಿಗೆ ಬರುತ್ತಿದ್ದರು. ಹತ್ತು ವರ್ಷ ಕಂಡವರ ಲಾರಿ ಓಡಿಸಿ, ಕೊನೆಗೆ ಕಂತಿನ ಮೇಲೆ ಸ್ವಂತದ್ದೊಂದನ್ನು ಕೊಂಡರು. ವಿಮೆಯ ಕಾಗದದಲ್ಲಿ ‘ಓನರ್ ಕಂ ಡ್ರೈವರ್’ ಎಂದಿದ್ದುದನ್ನು ಬಂದವರಿಗೆಲ್ಲ ನಮ್ಮಿಂದ ಓದಿಸುತ್ತಿದ್ದರು. 1992ರ ಚಳಿಗಾಲದಲ್ಲಿ ಮೈ ಸುಡುವ ಜ್ವರದಲ್ಲೇ ಹೊರಟರು. ಕಂತು ಕಟ್ಟಲು ಮೂರು ದಿನ ಉಳಿದಿತ್ತು. ಮಾಲೀಕರೆಲ್ಲ ಕರುಣಾಳುಗಳೆಂದಲ್ಲ, ಆದರೆ ಸಂಬಳದ ಚಾಲಕನಿಗೆ ‘ಇವತ್ತು ಆಗುವುದಿಲ್ಲ’ ಎಂದು ಜಗಳವಾಡಲಾದರೂ ಎದುರಿಗೆ ಒಬ್ಬನಿರುತ್ತಾನೆ. ತಂದೆಯವರಿಗೆ ಆ ರಾತ್ರಿ ಯಾರೂ ಇರಲಿಲ್ಲ. ಕರ್ನೂಲು ದಾಟಿದ ಮೇಲೆ ಕಣ್ಣು ಮುಚ್ಚಿತು. ಲಾರಿ ಎಡಕ್ಕೆ ಸರಿದು ಹುಣಸೆಮರಕ್ಕೆ ಬಡಿಯಿತು. ಅವರಿಗೆ ತರಚುಗಾಯ. ಎಡಗಡೆ ಮಲಗಿದ್ದ ಕ್ಲೀನರ್ ಹುಡುಗ ಮೊಣಕಾಲಿನಿಂದ ಕೆಳಗೆ ಒಂದು ಕಾಲು ಕಳೆದುಕೊಂಡ. ನಮಗಿಂತ ಐದಾರು ವರ್ಷಕ್ಕೆ ದೊಡ್ಡವನು, ನಮ್ಮ ಮನೆಯಲ್ಲೇ ಉಣ್ಣುತ್ತಿದ್ದವನು. ತಂದೆಯವರು ಲಾರಿ ಮಾರಿ ಬಂದ ಹಣದಲ್ಲಿ ಸಾಲ ಕಳೆದು ಉಳಿದುದನ್ನು ಅವನ ತಾಯಿಗೆ ಕೊಟ್ಟರು. ಆಮೇಲೆ ಎಣ್ಣೆ ಗಿರಣಿಯೊಂದರಲ್ಲಿ ತೂಕ ಬರೆದುಕೊಂಡಿದ್ದರು. ಮತ್ತೆಂದೂ ಸ್ಟಿಯರಿಂಗ್ ಮುಟ್ಟಲಿಲ್ಲ.

ಪಂದ್ಯಗಳ ಲೋಕದಲ್ಲಿ ಇಂಥ ಒಡೆಯ-ಚಾಲಕರು ಹಿಂದೆಯೂ ಇದ್ದರು. 1966ರಲ್ಲಿ ಜ್ಯಾಕ್ ಬ್ರಾಬಮ್ ತಮ್ಮದೇ ಹೆಸರಿನ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದರು. ನಮ್ಮನ್ನು ಹೆಚ್ಚು ಕಾಡುವವರು ಗ್ರಹಾಂ ಹಿಲ್. ಐದು ಬಾರಿ ಗೆದ್ದಿದ್ದ ಮೊನಾಕೋದಲ್ಲಿ 1975ರಲ್ಲಿ ಅವರಿಗೆ ಅರ್ಹತೆಯೇ ದೊರೆಯಲಿಲ್ಲ. ಸ್ವಂತ ತಂಡವಾದ್ದರಿಂದ ಇಳಿಯೆಂದು ಹೇಳುವವರಿರಲಿಲ್ಲ, ತಾವೇ ಇಳಿದರು. ಟೋನಿ ಬ್ರೈಸ್ ಎಂಬ ತರುಣನನ್ನು ಬೆಳೆಸಲು ನಿಂತರು. ಅದೇ ನವೆಂಬರ್ 29ರಂದು ಫ್ರಾನ್ಸಿನಿಂದ ಕಾರಿನ ಪರೀಕ್ಷೆ ಮುಗಿಸಿ ತಂಡದವರೊಡನೆ ಮರಳುವಾಗ ವಿಮಾನವನ್ನು ಹಿಲ್ ಅವರೇ ನಡೆಸುತ್ತಿದ್ದರು. ಲಂಡನ್ನಿನ ಬಳಿ ಮಂಜಿನಲ್ಲಿ ಅದು ನೆಲಕ್ಕಪ್ಪಳಿಸಿತು. ಬ್ರೈಸ್ ಸೇರಿ ಆರೂ ಜನ ಉಳಿಯಲಿಲ್ಲ. ಕಾರಿನಿಂದ ಇಳಿದವರು ವಿಮಾನದ ಚುಕ್ಕಾಣಿಯನ್ನು ಬಿಟ್ಟಿರಲಿಲ್ಲ.

ದುಬೈನಲ್ಲಿ ಜನವರಿ 7ರ ಅಭ್ಯಾಸದ ವೇಳೆ ಅಜಿತರ ಕಾರು ತಡೆಗೋಡೆಗೆ ಬಡಿದು ಗಿರಗಿರ ತಿರುಗಿತು. ಅವರು ಗಾಯವಿಲ್ಲದೆ ಹೊರಬಂದರು. ಪಂದ್ಯಕ್ಕೆ ಮುನ್ನ ತಂಡದಿಂದ ಪ್ರಕಟಣೆ ಬಂತು: 901ನೇ ಸಂಖ್ಯೆಯ ಪೋರ್ಷೆಯನ್ನು ಒಡೆಯರು ಓಡಿಸುವುದಿಲ್ಲ. ಮ್ಯಾಥ್ಯೂ ಡೆಟ್ರಿ, ಫೇಬಿಯನ್ ಡುಫಿಯೂ, ಕ್ಯಾಮರಾನ್ ಮೆಕ್ಲಿಯೋಡ್ ಅದನ್ನು ಓಡಿಸಿ ತಮ್ಮ ವರ್ಗದಲ್ಲಿ ಮೂರನೆಯ ಸ್ಥಾನ ತಂದರು. ಅಜಿತರು 414ನೇ ಸಂಖ್ಯೆಯ ಇನ್ನೊಂದು ಕಾರಿನಲ್ಲಿ ಸರದಿಯ ಚಾಲಕರಲ್ಲಿ ಒಬ್ಬರಾದರು.

ಈಗ ನಮ್ಮೊಡನೆಯೇ ಇರುವ ತಂದೆಯವರು ಸಾಮಾನ್ಯವಾಗಿ ಟೀವಿಯಲ್ಲಿ ಗಾಡಿಗಳು ಬಂದರೆ ಎದ್ದುಹೋಗುತ್ತಾರೆ. ಅಂದು ಬಾಗಿಲ ಬಳಿ ನಿಂತೇ ನೋಡುತ್ತಿದ್ದರು.

“ಆ ಗಾಡಿ ಯಾರ ಹೆಸರಲ್ಲಿದೆ ಮರಿ?” ಎಂದು ಮಗನನ್ನು ಕೇಳಿದರು.

“ಅವರದೇ ತಾತ, ಅಜಿತ್ ಅವರದು.”

“ಮತ್ತೆ ಇಳಿ ಅಂದೋರು ಯಾರು?”

“ಅವರೇ ಇಳಿದರಂತೆ.”

ತಂದೆಯವರು ಒಳಗೆ ಬಂದು, ನಮ್ಮ ಪಕ್ಕದ ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.