ಗಾಳಿಯ ತೂಕ

ಬೆಟ್ಟವೇರುವ ಮಾತು ಬಂದಾಗ ಜನರು ಕಾಲಿನ ಬಲವನ್ನೂ ಯಂತ್ರದ ಬಲವನ್ನೂ ನೆನೆಯುತ್ತಾರೆ; ಗಾಳಿಯನ್ನು ನೆನೆಯುವವರು ವಿರಳ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ದಾವಣಗೆರೆಯ ಬಯಲಿನಲ್ಲಿ ಬೆಳೆದು, ಕನ್ನಡ ಶಾಲೆಯಲ್ಲಿ ಓದಿ, ಹೊಟ್ಟೆಪಾಡಿಗಾಗಿ ದಿಲ್ಲಿಗೆ ಬಂದ ನಮಗೆ ಅದನ್ನು ಮೀರಿದ ಎತ್ತರವು ಪುಸ್ತಕದಲ್ಲಿ ಮಾತ್ರ ಪರಿಚಿತವಾಗಿತ್ತು.

2022ರ ಜೂನ್ ತಿಂಗಳ ರಜೆಯಲ್ಲಿ, ನೋಯಿಡಾದ ನೆರೆಮನೆಯ ಗೆಳೆಯರೊಬ್ಬರೊಡನೆ ನಾವು ಹಿಮಾಚಲ ಪ್ರದೇಶಕ್ಕೆ ಹೊರಟೆವು. ಮನಾಲಿಯನ್ನು ದಾಟಿ, 2020ರಲ್ಲಿ ತೆರೆದ ಒಂಬತ್ತು ಕಿಲೋಮೀಟರು ಉದ್ದದ ಅಟಲ್ ಸುರಂಗವನ್ನು ಹಾದು, ಕೇಲಾಂಗ್ ಎಂಬ ಊರನ್ನು ಸೇರಿದೆವು. ಅಲ್ಲಿಂದ ಬಾರಾಲಾಚಾ ಘಟ್ಟದ ಆಚೆಗೆ ಡೇರೆಯ ಸಾಮಾನು ಒಯ್ಯುತ್ತಿದ್ದ ಹಳೆಯ ಪೆಟ್ರೋಲ್ ಲಾರಿಯೊಂದರಲ್ಲಿ ನಮಗೆ ಸ್ಥಳ ದೊರೆಯಿತು. ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳು ದಿಲ್ಲಿಯ ಸುತ್ತಿನಲ್ಲಿ ಓಡಬಾರದೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿತ್ತು. ಆದ್ದರಿಂದ, ವಿದ್ಯಾರ್ಥಿಗಳೇ, ಇಂಥ ಲಾರಿಯ ಕಾರ್ಬುರೇಟರನ್ನು ನಿಮ್ಮಲ್ಲಿ ಬಹುಮಂದಿ ಕಂಡಿರಲಾರಿರಿ.

ಕಾರ್ಬುರೇಟರೆಂದರೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಉಣಿಸುವ ಸಾಧನ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಬೇಕು. ಜೆಟ್ ಎಂಬ ಹಿತ್ತಾಳೆಯ ಕಿರುರಂಧ್ರವು ಪೆಟ್ರೋಲನ್ನು ಅಳೆದು ಬಿಡುತ್ತದೆ. ಆದರೆ ಅದಕ್ಕೆ ಗಾಳಿಯ ರಭಸ ತಿಳಿಯುವುದೇ ಹೊರತು ತೂಕ ತಿಳಿಯದು. ಸುಮಾರು 4,900 ಮೀಟರು ಎತ್ತರದ ಬಾರಾಲಾಚಾದಲ್ಲಿ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದಲ್ಲಿ ಇರುವುದರ ಐದರಲ್ಲಿ ಮೂರು ಪಾಲು ಮಾತ್ರ. ಗಾಳಿ ಇಳಿದಷ್ಟು ಪೆಟ್ರೋಲು ಇಳಿಯದು, ಎಂಜಿನ್ನಿಗೆ ಅಜೀರ್ಣವಾಗುತ್ತದೆ. ಕಪ್ಪು ಹೊಗೆ ಕಾರಿ, ಕೆಮ್ಮಿ, ಬಲಗುಂದುತ್ತದೆ.

ಜಿಂಗ್‌ಜಿಂಗ್‌ಬಾರ್ ಎಂಬಲ್ಲಿ ನಮ್ಮ ಲಾರಿಯ ಸ್ಥಿತಿ ಇದೇ ಆಯಿತು. ಮಧ್ಯಾಹ್ನವಾದರೆ ಹಿಮ ಕರಗಿ, ದಾರಿಗೆ ಅಡ್ಡಲಾಗಿ ಹರಿಯುವ ಹಳ್ಳಗಳು ಉಕ್ಕುತ್ತವೆ. ಅದಕ್ಕೆ ಮೊದಲೇ ದಾಟಬೇಕು. ಚಾಲಕರು ಅವಸರಪಡಲಿಲ್ಲ. ಅರ್ಧ ಸಾಮಾನನ್ನು ಅಲ್ಲಿಯ ಡೇರೆಯೊಂದರಲ್ಲಿ ಇಳಿಸಿದರು. ಪೆಟ್ಟಿಗೆಯಿಂದ ಇನ್ನೂ ಸಣ್ಣ ರಂಧ್ರದ ಜೆಟ್ ತೆಗೆದು ಜೋಡಿಸಿದರು. ಎಂಜಿನ್ನಿನ ಧ್ವನಿ ತಿಳಿಯಾಯಿತು.

ಆಗ ನಮ್ಮ ಗೆಳೆಯರು ಡೇರೆಯಿಂದ ಎದ್ದು ಬಂದರು. ಬೆಳಗಿನಿಂದ ಅವರಿಗೆ ತಲೆನೋವಿತ್ತು. ಈಗ ಹೆಜ್ಜೆ ತೂರಾಡುತ್ತಿತ್ತು, ಮಾತು ತೊದಲುತ್ತಿತ್ತು. ಆದರೂ, “ಘಟ್ಟ ಇನ್ನೇನು ಬಂತು, ನಡೆಯಿರಿ” ಎಂದರು. ಚಾಲಕರು ಅವರನ್ನು ದಿಟ್ಟಿಸಿ ನೋಡಿ ನಮ್ಮತ್ತ ತಿರುಗಿದರು.

“ಮಾಸ್ತರ್‌ಜಿ, ಎಂಜಿನ್ನಿಗೆ ಬೇರೆ ಜೆಟ್ ನನ್ನ ಬಳಿ ಇದೆ, ಮನುಷ್ಯರಿಗೆ ಇಲ್ಲ.”

ಅಷ್ಟೇ ನುಡಿದು ಲಾರಿಯನ್ನು ಕೇಲಾಂಗಿನ ಕಡೆಗೆ ಹಿಂದಿರುಗಿಸಿದರು. ಆ ದಿನದ ಬಾಡಿಗೆ ಅವರ ಕೈತಪ್ಪಿತು. ಇಳಿದಿಳಿದಂತೆ ಗೆಳೆಯರ ಮಾತು ಸ್ಪಷ್ಟವಾಯಿತು. ಕೇಲಾಂಗಿನ ಆಸ್ಪತ್ರೆಯಲ್ಲಿ ಪ್ರಾಣವಾಯುವನ್ನು ಕೊಟ್ಟ ಮೇಲೆ ನಮ್ಮ ಹೆಸರು ಹಿಡಿದು ಕರೆದರು. ಬಾರಾಲಾಚಾವನ್ನು ನಾವು ಕಾಣಲಿಲ್ಲ. ಅದಕ್ಕಾಗಿ ವ್ಯಥೆಯೂ ಇಲ್ಲ.

ದೇಹಕ್ಕೂ ಎತ್ತರಕ್ಕೆ ಹೊಂದುವ ಶಕ್ತಿಯುಂಟು. ಉಸಿರು ಹೆಚ್ಚುತ್ತದೆ, ರಕ್ತದಲ್ಲಿ ಕೆಂಪುಕಣಗಳು ಬೆಳೆಯುತ್ತವೆ. ಆದರೆ ಅದಕ್ಕೆ ದಿನಗಳು, ವಾರಗಳು ಬೇಕು. ದೂರದ ಊರಿನಿಂದ ಬಂದು ನಿಮ್ಮ ಪಕ್ಕದಲ್ಲಿ ಕುಳಿತ ಹೊಸ ವಿದ್ಯಾರ್ಥಿಯು ಪಾಠದಲ್ಲಿ ಏದುಸಿರು ಬಿಟ್ಟರೆ, ಅವನ ಬಲವನ್ನು ಹಳಿಯುವ ಮೊದಲು ಈ ಮಾತನ್ನು ನೆನೆಯಿರಿ.

ಮರುದಿನ ಮನಾಲಿಗೆ ಇಳಿಯುವ ಮುನ್ನ ಚಾಲಕರು ಹಳೆಯ ಜೆಟ್ಟನ್ನು ಮತ್ತೆ ಜೋಡಿಸಿದರು. ತಗ್ಗಿನ ದಟ್ಟ ಗಾಳಿಯಲ್ಲಿ ಸಣ್ಣ ಜೆಟ್ ಉಳಿದರೆ ಪೆಟ್ರೋಲು ಸಾಲದೆ ಎಂಜಿನ್ ಮಿತಿಮೀರಿ ಕಾಯುತ್ತದೆಯಂತೆ.