ಸಂಗೀತದ ಮಿಸ್ ಮನೆ

ಅರಕಲಗೂಡಿನಲ್ಲಿ ನಮ್ಮ ಮನೆಗೆ ಅಪ್ಪನ ಹೆಸರಿನ ಗುರುತು ಇರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನೇ ಯಾರಾದರೂ ದಾರಿ ಕೇಳಿದರೆ "ಸಂಗೀತದ ಮಿಸ್ ಮನೆ ಅಂತ ಕೇಳಿ, ತೋರಿಸ್ತಾರೆ" ಎನ್ನುತ್ತಿದ್ದರು. ಸಂಜೆ ಐದಕ್ಕೆ ಜಗಲಿಯ ಕೆಳಗೆ ಚಪ್ಪಲಿಗಳು ಸಾಲುಗಟ್ಟಿದವೆಂದರೆ ಪಡಸಾಲೆ ನಮ್ಮದಲ್ಲ. ಎಂಟರವರೆಗೆ ಟಿ.ವಿ. ಇಲ್ಲ, ಕುಕ್ಕರ್ ಕೂಗುವಂತಿಲ್ಲ. ಬಂದ ನೆಂಟರನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದು ಅಡುಗೆಮನೆಯಲ್ಲಿ ಕೂರಿಸಿ ಅಪ್ಪ ತಾವೇ ಕಾಫಿ ಬೆರೆಸಿ ಕೊಡುತ್ತಿದ್ದರು. ಅಮ್ಮನ ಪಾಠದಲ್ಲಿ ಈ ಕಾಫಿಯ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ಮಾಯಾಮಾಳವಗೌಳದ ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಏಳು ತಾಳದ ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆ. ಪುರಂದರದಾಸರು ಹಾಕಿಕೊಟ್ಟರೆಂದು ಎಲ್ಲರೂ ಹೇಳುವ ಈ ಕ್ರಮದಲ್ಲಿ ಒಂದನ್ನೂ ಅಮ್ಮ ಹಾರಿಸಲು ಬಿಡುತ್ತಿರಲಿಲ್ಲ. "ಮಿಸ್, ಗಣೇಶನ ಹಬ್ಬಕ್ಕೆ ಒಂದು ದೇವರನಾಮ ಹೇಳ್ಕೊಡಿ, ಪಾಪು ಸ್ಟೇಜ್ ಮೇಲೆ ಹಾಡ್ಲಿ" ಎಂದು ತಾಯಂದಿರು ಕೇಳುತ್ತಿದ್ದರು. "ಮೂರನೇ ಕಾಲದಲ್ಲೂ ಷಡ್ಜ ಅಲುಗಾಡದೆ ನಿಲ್ಲಲಿ ಕಣಮ್ಮ, ಆಮೇಲೆ ನೋಡೋಣ" ಎನ್ನುವುದೇ ಅಮ್ಮನ ಉತ್ತರ. ಇದರಿಂದ ಮಕ್ಕಳು ಬಿಟ್ಟುಹೋದದ್ದೂ ಉಂಟು. ಅಮ್ಮ ಬದಲಾಗಲಿಲ್ಲ. ಬದಲಾಗದೆ ಇದ್ದದ್ದೇ ಸರಿ.

ವಿದ್ಯುತ್ತಿನ ಶ್ರುತಿಪೆಟ್ಟಿಗೆ ಮನೆಗೆ ಬಂದದ್ದು ತಡವಾಗಿ. ಬಂದ ಮೇಲೂ ಕರೆಂಟು ಕೈಕೊಟ್ಟಾಗ ಹಳೆಯ ಕೈಪೆಟ್ಟಿಗೆಯೇ ಗತಿ. ಅದರ ತಿದಿ ಒತ್ತುವುದು ನನ್ನ ಕೆಲಸ. ಒತ್ತುವ ಕೈ ಸಡಿಲವಾದರೆ ನಾದ ಸೊರಗುತ್ತದೆ. ಅಮ್ಮ ಹಾಡುತ್ತಲೇ ನನ್ನ ಕಡೆ ಒಮ್ಮೆ ನೋಡುತ್ತಿದ್ದರು, ಅಷ್ಟೇ. ಒಳಕೋಣೆಯಲ್ಲಿ ಅಜ್ಜಿ ಹೂಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು. ಅವರಿಗೆ ಹಸೆಹಾಡು, ಆರತಿ ಹಾಡು ಬೇಕಾದಷ್ಟು ಬರುತ್ತಿದ್ದವು. ಒಂದು ಬೇಸಿಗೆಯಲ್ಲಿ ಅಮ್ಮ ಅತ್ತೆಯ ಎದುರು ನೋಟುಪುಸ್ತಕ ಹಿಡಿದು ಶಿಷ್ಯೆಯಾಗಿ ಕೂತು ಅವನ್ನೆಲ್ಲ ಬರೆದುಕೊಂಡರು. ಅತ್ತೆ ಸೊಸೆಯರ ನಡುವೆ ಅಲ್ಲಿಯವರೆಗೆ ಇದ್ದ ಬಿಗುಪು ಆ ಬೇಸಿಗೆಯಲ್ಲಿ ಕರಗಿತು.

ಪುಷ್ಯ ಬಹುಳ ಪಂಚಮಿ ಹತ್ತಿರವಾದಾಗ ತ್ಯಾಗರಾಜರ ಆರಾಧನೆಗೆ ದೊಡ್ಡ ಶಿಷ್ಯರಿಗೆ ಪಂಚರತ್ನ ಕೃತಿಗಳ ಪಾಠ. ನಾಟ, ಗೌಳ, ಆರಭಿ, ಶ್ರೀ ರಾಗದ ನಾಲ್ಕನ್ನೂ ಎದುರು ಕೂರಿಸಿಕೊಂಡೇ ಹೇಳಿಕೊಡುತ್ತಿದ್ದರು. ವರಾಳಿಯದು ಮಾತ್ರ ಬೇರೆ. ಆ ರಾಗವನ್ನು ಗುರು ನೇರವಾಗಿ ಪಾಠ ಮಾಡಿದರೆ ಗುರುಶಿಷ್ಯರಿಗೆ ಮನಸ್ತಾಪ ಬರುತ್ತದೆಂಬ ನಂಬಿಕೆ ಸಂಗೀತಗಾರರಲ್ಲಿ ಹಿಂದಿನಿಂದ ಇದೆ. ಅದಕ್ಕೆ ಅಮ್ಮ ಅಡುಗೆಮನೆಗೆ ಹೋಗಿ ಹುರುಳಿಕಾಯಿ ಹೆಚ್ಚುತ್ತ ಹಾಡುತ್ತಿದ್ದರು. "ನಾನು ಹೇಳ್ಕೊಡ್ತಿಲ್ಲ ಕಣ್ರೇ, ನೀವು ಕೇಳಿಸ್ಕೊಳ್ಳಿ." ಪಡಸಾಲೆಯಲ್ಲಿ ಹುಡುಗಿಯರು ಉಸಿರು ಬಿಗಿಹಿಡಿದು ಕೂತು, ತೊಡೆಯ ಮೇಲೆ ಆದಿತಾಳ ಹಾಕುತ್ತ ಗೋಡೆಯಾಚೆಯಿಂದ ಕಲಿಯುತ್ತಿದ್ದರು.

ನನಗನ್ನಿಸುತ್ತದೆ, ನಮ್ಮ ಬೀದಿಗೆ ಅಮ್ಮ ಕಲಿಸಿದ್ದೆಲ್ಲ ವರಾಳಿಯ ರೀತಿಯಲ್ಲೇ. ನಾನಾಗಲಿ ಅಣ್ಣನಾಗಲಿ ಒಂದು ದಿನವೂ ಚಾಪೆಯ ಮೇಲೆ ಕೂತು ಪಾಠ ಹೇಳಿಸಿಕೊಂಡವರಲ್ಲ. ಆದರೂ ರಾಗ ಗುರುತು ಹಿಡಿಯುತ್ತೇವೆ. ಎದುರುಮನೆಯ ಟೈಲರ್ ಹೊಲಿಗೆ ಯಂತ್ರ ತುಳಿಯುತ್ತ ಮೋಹನದ ವರ್ಣ ಗುನುಗುತ್ತಿದ್ದರು. ಅವರು ನಮ್ಮ ಹೊಸಿಲು ದಾಟಿದವರೇ ಅಲ್ಲ.

ಹದಿಮೂರು ಹದಿನಾಲ್ಕಕ್ಕೆ ಗಂಟಲು ಒಡೆದಾಗ ಹುಡುಗರು ನಾಚಿಕೊಂಡು ಬರುವುದನ್ನೇ ಬಿಡುತ್ತಿದ್ದರು. ಅಮ್ಮ ಅವರ ಮನೆಗೇ ಹೋಗಿ, "ಹಾಡೋದು ಬೇಡಪ್ಪ, ಬಂದು ತಾಳ ಹಾಕು ಸಾಕು" ಎಂದು ಕರೆಯುತ್ತಿದ್ದರು. ಪರೀಕ್ಷಾ ಮಂಡಳಿಯ ಜೂನಿಯರ್, ಸೀನಿಯರ್ ಪರೀಕ್ಷೆಗೆ ಮಕ್ಕಳನ್ನು ಬಸ್ಸಿನಲ್ಲಿ ಹಾಸನಕ್ಕೆ ಕರೆದೊಯ್ಯುವುದು ಅಪ್ಪ. ಬುತ್ತಿಗೆ ಮೊಸರನ್ನ ಕಲಸುವುದು ಅಜ್ಜಿ.

ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ರುದ್ರಪಟ್ಟಣ ನಮ್ಮ ತಾಲ್ಲೂಕಿನದೇ. ಕಾವೇರಿ ದಂಡೆಯ ಆ ಒಂದು ಹಳ್ಳಿ ನಾಡಿಗೆ ಕೊಟ್ಟ ವಿದ್ವಾಂಸರ ಪಟ್ಟಿ ದೊಡ್ಡದು. ಆ ಹೆಮ್ಮೆಯ ಜೊತೆಗೇ ಒಂದು ಪ್ರಶ್ನೆಯೂ ಬರುತ್ತದೆ: "ನಿಮ್ಮಮ್ಮನ ಶಿಷ್ಯರಲ್ಲಿ ದೊಡ್ಡ ವಿದ್ವಾಂಸರಾದೋರು ಯಾರು?" ಯಾರೂ ಆಗಲಿಲ್ಲ. ಆದರೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮೋತ್ಸವದ ಕಚೇರಿಗಳಿಗೆ ಹೋದರೆ, ಕೇಳುಗರ ನಡುವೆ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ಬಂದ ಅಮ್ಮನ ಶಿಷ್ಯೆಯರು ಸಿಗುತ್ತಾರೆ. ತಾಳ ತಪ್ಪದೆ, ಮೃದಂಗದ ತನಿ ಆವರ್ತನದಲ್ಲಿ ಎದ್ದುಹೋಗದೆ ಕೂತಿರುತ್ತಾರೆ. ಇಂಥ ಕೇಳುಗರಿಲ್ಲದಿದ್ದರೆ ವಿದ್ವಾಂಸರು ಯಾರಿಗಾಗಿ ಹಾಡಬೇಕು? ಅವರನ್ನು ತಯಾರು ಮಾಡಿದ್ದು ಸಣ್ಣ ಊರುಗಳ ಪಡಸಾಲೆಗಳು.

ಈಗ ಅಮ್ಮ ಫೋನಿನಲ್ಲೂ ಪಾಠ ಹೇಳುತ್ತಾರೆ. ಹಳೆಯ ಶಿಷ್ಯೆಯರ ಮಕ್ಕಳು ದೂರದೇಶದಿಂದ ಕಲಿಯುತ್ತಾರೆ. ದನಿ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಹಾಡಲಾಗುವುದಿಲ್ಲ; ಒಬ್ಬರು ಹಾಡಿ ನಿಲ್ಲಿಸಬೇಕು, ಇನ್ನೊಬ್ಬರು ಶುರುಮಾಡಬೇಕು. ಅಮ್ಮನಿಗೆ ಅದೊಂದೇ ಕೊರಗು.

ಒಂದು ಮಾತನ್ನು ಹೇಳಲೇಬೇಕು. ಏಪ್ರಿಲ್, ಮೇ ಬಂತೆಂದರೆ ಮಕ್ಕಳು ಅಜ್ಜಿಯ ಊರಿಗೆ ಹೋಗುತ್ತಾರೆ, ಆ ಎರಡು ತಿಂಗಳ ಫೀಸು ಬರುವುದಿಲ್ಲ. ಅಪ್ಪನ ಸಂಬಳ ಇದ್ದದ್ದರಿಂದ ನಮಗೆ ನಡೆಯಿತು. ಪಾಠವನ್ನೇ ನಂಬಿದ ಮನೆಗಳಲ್ಲಿ ಅದೇ ಹೊತ್ತಿಗೆ ಮಕ್ಕಳ ಶಾಲೆಯ ಖರ್ಚೂ ಬಂದು ನಿಲ್ಲುತ್ತದೆ. ನಿಮ್ಮ ಮಗಳೋ ಮಗನೋ ಸಂಗೀತ ಕಲಿಯುತ್ತಿದ್ದರೆ, ರಜೆಯ ತಿಂಗಳ ಫೀಸನ್ನೂ ಕೊಟ್ಟುಬಿಡಿ.